ನೆಟ್‌ವರ್ಕ್ ಕೇಬಲ್‌ನಲ್ಲೇ ಕರೆಂಟು: ತಾರಸಿಯ ಟ್ಯಾಂಕಿನವರೆಗೆ 24 ವೋಲ್ಟ್

ಮನೆ ತಾರಸಿಯ ಮೇಲೆ ನೀರಿನ ಟ್ಯಾಂಕು. ಮುಚ್ಚಳದಲ್ಲಿ ನೀರಿನ ಮಟ್ಟ ನೋಡೋ ಅಲ್ಟ್ರಾಸಾನಿಕ್ ಸೆನ್ಸರ್, ಪಕ್ಕದ ಡಬ್ಬಿಯಲ್ಲಿ ಈಥರ್ನೆಟ್ ಇರೋ ಇಎಸ್‌ಪಿ32 ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡು. ಅಲ್ಲಿ ಪ್ಲಗ್ ಪಾಯಿಂಟ್ ಇಲ್ಲ, ಎರಡು ಮಹಡಿಯ ಕಾಂಕ್ರೀಟ್ ದಾಟಿ ವೈಫೈ ಸರಿಯಾಗಿ ಬರಲ್ಲ. ಅದಕ್ಕೇ ಕೆಳಗಿನ ರೂಟರ್ ಹತ್ತಿರದಿಂದ 25 ಮೀಟರ್ ಕ್ಯಾಟ್ 5ಇ ಕೇಬಲ್ ಒಂದನ್ನೇ ಎಳೆದು, ಡೇಟಾ ಮತ್ತು ಕರೆಂಟು ಎರಡನ್ನೂ ಅದರಲ್ಲೇ ಕಳಿಸೋಣ.

ಕೇಬಲ್ ತುದಿ ಬಿಡಿಸಿದ್ದೀವಿ, ನೋಡಿ. ಎಂಟು ತಂತಿ, ನಾಲ್ಕು ಜೋಡಿ: ಕಿತ್ತಳೆ, ಹಸಿರು, ನೀಲಿ, ಕಂದು. 100 ಎಂಬಿಪಿಎಸ್ ಈಥರ್ನೆಟ್‌ಗೆ ಕಿತ್ತಳೆ ಮತ್ತು ಹಸಿರು ಜೋಡಿ ಸಾಕು, ಅಂದರೆ ಪಿನ್ 1, 2, 3, 6. ಪಿನ್ 4, 5ರ ನೀಲಿ ಜೋಡಿ, ಪಿನ್ 7, 8ರ ಕಂದು ಜೋಡಿ ಖಾಲಿ ಇರುತ್ತೆ. ನೀಲಿಯ ಎರಡೂ ತಂತಿಗೆ ಪ್ಲಸ್, ಕಂದಿನ ಎರಡೂ ತಂತಿಗೆ ಮೈನಸ್. ನೀಲಿಗೆ ಪ್ಲಸ್, ಬಿಳಿ-ನೀಲಿಗೆ ಮೈನಸ್ ಅಂತ ಒಂದೇ ಜೋಡಿಯನ್ನ ಹಂಚಬೇಡಿ. ಇನ್ನೊಂದು ತುದಿಯಲ್ಲಿ ಕರೆಂಟು ಮತ್ತು ಡೇಟಾ ಬೇರೆ ಮಾಡೋ ರೆಡಿಮೇಡ್ ಸ್ಪ್ಲಿಟರ್‌ನಲ್ಲಿ 4 ಮತ್ತು 5 ಒಳಗೇ ಸೇರಿಕೊಂಡಿರುತ್ತವೆ, ನೇರವಾಗಿ ಶಾರ್ಟ್ ಆಗುತ್ತೆ.

ಬೋರ್ಡಿಗೆ ಬೇಕಿರೋದು 5 ವೋಲ್ಟ್ ತಾನೇ, ಕೆಳಗಿನಿಂದ 5 ವೋಲ್ಟನ್ನೇ ಕಳಿಸಿದರೆ ಆಗಲ್ವಾ ಅಂತ ಬಹಳ ಜನ ಕೇಳ್ತಾರೆ. ಲೆಕ್ಕ ಹಾಕೋಣ. 24 ಗೇಜ್ ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.084 ಓಮ್ ರೆಸಿಸ್ಟೆನ್ಸ್. 25 ಮೀಟರಿಗೆ 2.1 ಓಮ್. ಎರಡು ತಂತಿ ಪ್ಯಾರಲಲ್ ಇರೋದರಿಂದ ಅದರ ಅರ್ಧ, 1.05. ಕರೆಂಟು ಹೋಗಿ ವಾಪಸ್ ಬರಬೇಕಲ್ಲ, ಮತ್ತೆ 2.1 ಓಮ್. ಬೋರ್ಡು, ಸೆನ್ಸರ್ ಎಲ್ಲಾ ಸೇರಿ ಗರಿಷ್ಠ 400 ಮಿಲಿಆಂಪ್ ಅಂತ ಧಾರಾಳವಾಗೇ ಇಟ್ಟುಕೊಂಡರೆ, ದಾರಿಯಲ್ಲೇ 0.84 ವೋಲ್ಟ್ ಹೋಗುತ್ತೆ. ಮೇಲೆ ಸಿಗೋದು 4.16. ಬೋರ್ಡಿನ ಮೇಲಿರೋ ಎಎಂಎಸ್1117 ಥರದ ರೆಗ್ಯುಲೇಟರ್ ಚಿಪ್ಪಿಗೆ 3.3 ವೋಲ್ಟ್ ಕೊಡಬೇಕಾದರೆ ಅದರ ಬಾಯಿಗೆ ಸುಮಾರು 4.5 ಆದರೂ ಬೇಕು. ಹಾಗಾಗಿ ಬೋರ್ಡು ಆನ್ ಆಗುತ್ತೆ, ಲೋಡ್ ಏರಿದ ತಕ್ಷಣ ಬ್ರೌನ್‌ಔಟ್ ಆಗಿ, ಅಂದರೆ ವೋಲ್ಟೇಜ್ ಕುಸಿದು, ರೀಸೆಟ್ ಆಗುತ್ತೆ. ಕೋಡ್‌ನಲ್ಲಿ ತಪ್ಪು ಹುಡುಕುತ್ತಾ ವಾರ ಕಳೆಯೋದು ಇಲ್ಲೇ.

ಈಗ 24 ವೋಲ್ಟ್ ಕಳಿಸಿ, ಮೇಲೆ 5ಕ್ಕೆ ಇಳಿಸಿ. 5 ವೋಲ್ಟ್, 400 ಮಿಲಿಆಂಪಿನ ಅದೇ 2 ವ್ಯಾಟ್, ಇಳಿಸೋ ಕನ್ವರ್ಟರ್‌ನ ನಷ್ಟ ಸೇರಿಸಿದರೂ ಕೇಬಲ್‌ನಲ್ಲಿ ಹರಿಯೋದು ಬರೀ 100 ಮಿಲಿಆಂಪ್. ಡ್ರಾಪ್ 0.21 ವೋಲ್ಟ್. 24ರಲ್ಲಿ ಅದು ಲೆಕ್ಕಕ್ಕೇ ಇಲ್ಲ.

ಕೇಬಲ್ ತಗೊಳ್ಳುವಾಗ ಒಂದು ವಿಷಯದಲ್ಲಿ ಹುಷಾರಾಗಿರಿ. ಕಡಿಮೆ ಬೆಲೆಯ ಎಷ್ಟೋ ಕೇಬಲ್ ತಾಮ್ರದ್ದಲ್ಲ, ತಾಮ್ರ ಬಳಿದ ಅಲ್ಯೂಮಿನಿಯಂ. ಇದರ ರೆಸಿಸ್ಟೆನ್ಸ್ ಒಂದೂವರೆ ಪಟ್ಟಿಗೂ ಜಾಸ್ತಿ, ನಾಲ್ಕು ಸಲ ಬಗ್ಗಿಸಿದರೆ ಮುರಿಯುತ್ತೆ. ಬ್ಲೇಡಿನಿಂದ ತಂತಿ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ಅದು ಅಲ್ಯೂಮಿನಿಯಂ. ಇನ್ನೂ ಖಚಿತವಾಗಿ ಬೇಕಾದರೆ ದೂರದ ತುದಿಯಲ್ಲಿ ಒಂದು ಜೋಡಿಯ ಎರಡೂ ತಂತಿ ಸೇರಿಸಿ, ಈ ತುದಿಯಲ್ಲಿ ಮಲ್ಟಿಮೀಟರ್ ಹಿಡಿಯಿರಿ. ಪ್ರೋಬ್‌ಗಳದ್ದೇ ರೆಸಿಸ್ಟೆನ್ಸ್ ಕಳೆದ ಮೇಲೆ 25 ಮೀಟರಿಗೆ 4.2 ಓಮ್ ಆಸುಪಾಸು ಬರಬೇಕು. 6 ದಾಟಿದರೆ ಅಂಗಡಿಗೆ ವಾಪಸ್ ಕೊಡಿ.

ಮೇಲಿನ ಡಬ್ಬಿಯಲ್ಲಿ ವೋಲ್ಟೇಜ್ ಇಳಿಸೋಕೆ ಎಲ್‌ಎಂ2596 ಬಕ್ ಮಾಡ್ಯೂಲ್ ಹಾಕಿದ್ದೀವಿ. ಇದರ ಚಿಪ್ಪು 40 ವೋಲ್ಟ್ ತಡೆಯುತ್ತೆ, ಆದರೆ ಮಾಡ್ಯೂಲ್ ಮೇಲಿನ ಇನ್‌ಪುಟ್ ಕೆಪ್ಯಾಸಿಟರ್ ಎಷ್ಟು ವೋಲ್ಟಿನದು ಅಂತ ಓದಿಕೊಳ್ಳಿ. 35 ಇದ್ದರೆ 24ಕ್ಕೆ ಸಾಕು. ಉಗುರಿನಷ್ಟು ಚಿಕ್ಕದಾದ ಎಂಪಿ1584 ಮಾಡ್ಯೂಲ್ ನೋಡೋಕೆ ಆಸೆ ಹುಟ್ಟಿಸುತ್ತೆ, ಆದರೆ ಅದರ ಮಿತಿ 28 ವೋಲ್ಟ್. ಕರೆಂಟು ಇರುವಾಗಲೇ ಉದ್ದನೆ ಕೇಬಲ್ ಚುಚ್ಚಿದರೆ, ಕೇಬಲ್‌ನ ಇಂಡಕ್ಟೆನ್ಸ್ ಮತ್ತು ಮಾಡ್ಯೂಲ್‌ನ ಸೆರಾಮಿಕ್ ಕೆಪ್ಯಾಸಿಟರ್ ಸೇರಿ ಒಂದು ಕ್ಷಣ ವೋಲ್ಟೇಜ್ ಸುಮಾರು ಎರಡು ಪಟ್ಟಿನವರೆಗೂ ಜಿಗಿಯಬಹುದು. ಮಲ್ಟಿಮೀಟರ್‌ಗೆ ಅದು ಕಾಣಿಸಲ್ಲ, ಚಿಪ್ಪು ಮಾತ್ರ ಸತ್ತಿರುತ್ತೆ. ಇನ್‌ಪುಟ್‌ಗೆ 100 ಮೈಕ್ರೋಫ್ಯಾರಡ್, 50 ವೋಲ್ಟಿನ ಎಲೆಕ್ಟ್ರೋಲಿಟಿಕ್ ಒಂದು ಹಾಕಿ, ಆ ಜಿಗಿತ ಅಡಗುತ್ತೆ. ಅದರ ಜೊತೆಗೆ, ವೋಲ್ಟೇಜ್ ದಿಢೀರ್ ಏರಿದರೆ ತಡೆಯೋ ಎಸ್‌ಎಂಬಿಜೆ24ಎ ಟಿವಿಎಸ್ ಡಯೋಡ್. ಪ್ಲಸ್-ಮೈನಸ್ ಅದಲುಬದಲಾದರೂ ಏನೂ ಸುಡದ ಹಾಗೆ ಸೀರೀಸ್‌ನಲ್ಲಿ ಒಂದು 1ಎನ್4007 ಡಯೋಡ್. ಈ 100 ಮಿಲಿಆಂಪಿಗೆ ಅದೇ ಧಾರಾಳ.

ಮಾಡ್ಯೂಲ್‌ನ ಔಟ್‌ಪುಟ್‌ಗೆ ಇನ್ನೂ ಬೋರ್ಡು ಜೋಡಿಸಬೇಡಿ. ಔಟ್‌ಪುಟ್‌ಗೆ ಮಲ್ಟಿಮೀಟರ್ ಹಿಡಿದು, ವೋಲ್ಟೇಜ್ ಹೊಂದಿಸೋ ಈ ನೀಲಿ ಪ್ರಿಸೆಟ್‌ನ ಹಿತ್ತಾಳೆ ಸ್ಕ್ರೂ ತಿರುಗಿಸಿ. ಮೊದಲ ಎಂಟು-ಹತ್ತು ಸುತ್ತಿಗೆ ಮೀಟರ್ ಅಲುಗಾಡದೇ ಇರಬಹುದು. ಮಾಡ್ಯೂಲ್ ಕೆಟ್ಟಿದೆ ಅಂದುಕೊಳ್ಳಬೇಡಿ, ಅದು ಬಹಳ ಸುತ್ತಿನ ಪ್ರಿಸೆಟ್, ತಿರುಗಿಸ್ತಾ ಇರಿ. 5.1 ವೋಲ್ಟಿಗೆ ಬಂದಾಗ ನಿಲ್ಲಿಸಿ, ಸ್ಕ್ರೂ ಮೇಲೆ ಒಂದು ಹನಿ ನೇಲ್ ಪಾಲಿಶ್ ಬಿಡಿ. ಬೋರ್ಡು ಆಮೇಲೆ.

ಕೆಳಗಡೆ, ಕೇಬಲ್‌ಗೆ ಕರೆಂಟು ಸೇರಿಸೋ ಇಂಜೆಕ್ಟರ್‌ಗೆ 24 ವೋಲ್ಟ್ 1 ಆಂಪ್ ಅಡಾಪ್ಟರ್. ಅದರ ಪ್ಲಸ್‌ನಲ್ಲಿ ಅರ್ಧ ಆಂಪಿನ ಫ್ಯೂಸ್. ಫ್ಯೂಸ್ ಇರಬೇಕಾದದ್ದು ಕೆಳಗೇ, ಮೇಲಲ್ಲ. ಇಲಿ ಕಡಿದು ಕೇಬಲ್ ಮಧ್ಯದಲ್ಲೇ ಶಾರ್ಟ್ ಆದರೆ ಮೇಲಿನ ಫ್ಯೂಸ್‌ನಿಂದ ಏನು ಉಪಯೋಗ?

ಈಗ ಹೇಳೋದನ್ನ ದಯವಿಟ್ಟು ಗಮನ ಇಟ್ಟು ಕೇಳಿ. ನಾವು ಮಾಡ್ತಿರೋದು ಪ್ಯಾಸಿವ್ ಪಿಒಇ (ಪವರ್ ಓವರ್ ಈಥರ್ನೆಟ್, ಅಂದರೆ ನೆಟ್‌ವರ್ಕ್ ಕೇಬಲ್‌ನಲ್ಲೇ ಕರೆಂಟು). ಆ ಕಡೆ ಯಾರಿದ್ದಾರೆ ಅಂತ ಕೇಳದೆ ಕರೆಂಟು ಹರಿಸುತ್ತೆ. 2003ರಲ್ಲಿ ಬಂದ ಪಿಒಇಯ 802.3ಎಎಫ್ ಸ್ಟಾಂಡರ್ಡ್ ಹಾಗಲ್ಲ. ಅದರಲ್ಲಿ ನೆಟ್‌ವರ್ಕ್ ಸ್ವಿಚ್ಚು ಮೊದಲು 10 ವೋಲ್ಟ್ ಆಸುಪಾಸಿನ ಒಳಗೇ ಕೇಬಲ್ಲನ್ನ ತಡವಿ ನೋಡುತ್ತೆ, ಆ ತುದಿಯಲ್ಲಿ 25 ಕಿಲೋಓಮ್ ಗುರುತು ಸಿಕ್ಕರೆ ಮಾತ್ರ 44ರಿಂದ 57 ವೋಲ್ಟ್ ಬಿಡುತ್ತೆ. ಮನೆಯಲ್ಲಿ ಕ್ಯಾಮೆರಾಗೆ ಅಂತ ಅಂಥ ಸ್ವಿಚ್ ಈಗಾಗಲೇ ಇದ್ದರೆ ಈ ಕಷ್ಟ ಯಾವುದೂ ಬೇಡ. 5 ವೋಲ್ಟ್ ಔಟ್‌ಪುಟ್ ಇರೋ ಎಎಫ್ ಸ್ಪ್ಲಿಟರ್ ತಂದು ಹಾಕಿ. ಅದೇ ಒಳ್ಳೇದು.

ಪ್ಯಾಸಿವ್ ಕೇಬಲ್ಲನ್ನ ಮರೆತು ಲ್ಯಾಪ್‌ಟಾಪಿಗೋ ಟಿವಿಗೋ ಚುಚ್ಚಿದರೆ ಏನಾಗುತ್ತೆ? ಪಿಒಇ ಇಲ್ಲದ ಎಷ್ಟೋ ಪೋರ್ಟ್‌ಗಳ ಒಳಗೆ ಪ್ರತಿ ಜೋಡಿಯಿಂದ ಒಂದೊಂದು 75 ಓಮ್ ರೆಸಿಸ್ಟರ್ ಹೊರಟು ಒಂದೇ ಬಿಂದುವಿಗೆ ಸೇರಿರುತ್ತೆ. ನೀಲಿಯಿಂದ ಕಂದಿಗೆ ಒಟ್ಟು 150 ಓಮ್. 24 ವೋಲ್ಟ್ ಬಿದ್ದರೆ 3.84 ವ್ಯಾಟ್, ಒಂದೊಂದು ರೆಸಿಸ್ಟರ್‌ಗೆ ಸುಮಾರು 1.9. ಎಳ್ಳಿನಷ್ಟು ರೆಸಿಸ್ಟರ್ ಅದು, ಸುಟ್ಟು ಹೋಗುತ್ತೆ. ಇಎಸ್‌ಪಿ32 ಬೋರ್ಡಿನ ಪೋರ್ಟಿಗೂ ಇದೇ ಅಪಾಯ. ಅದಕ್ಕೇ ಕರೆಂಟನ್ನ ಪೋರ್ಟಿಗೆ ಮೊದಲೇ ಬೇರೆ ಮಾಡಬೇಕು. ಸ್ಪ್ಲಿಟರ್ ತಂದ ದಿನವೇ ಅದರ ಸಾಕೆಟ್‌ನ 4, 5, 7, 8ರಿಂದ ಡೇಟಾ ಪ್ಲಗ್‌ನ ಅದೇ ಪಿನ್‌ಗಳಿಗೆ ಮಲ್ಟಿಮೀಟರ್‌ನಲ್ಲಿ ಕಂಟಿನ್ಯುಟಿ (ಸಂಪರ್ಕ ಇದೆಯಾ ಅಂತ) ನೋಡಿ. ಬೀಪ್ ಬರಬಾರದು. ರೂಟರ್ ಕಡೆಯ ಇಂಜೆಕ್ಟರ್‌ಗೂ ಇದೇ ಪರೀಕ್ಷೆ. ಎರಡೂ ತುದಿಯ ಗೋಡೆಯ ಹತ್ತಿರ ಕೇಬಲ್‌ಗೆ ಕೆಂಪು ಟೇಪ್ ಸುತ್ತಿ, "24 ವೋಲ್ಟ್" ಅಂತ ಬರೆಯಿರಿ.

ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು, ಈ ವಿಧಾನದಲ್ಲಿ ಅದು ಸಿಗಲ್ಲ. ನಮ್ಮ ಬೋರ್ಡು ಹೇಗೂ 100ರದ್ದು, ತೊಂದರೆ ಇಲ್ಲ.

ತಾರಸಿಯಲ್ಲಿ ಬಿಸಿಲಿಗೆ ಒಳಾಂಗಣದ ಕೇಬಲ್‌ನ ಹೊದಿಕೆ ಬಿರುಕು ಬಿಡುತ್ತೆ. ಕಪ್ಪು ಔಟ್‌ಡೋರ್ ಕೇಬಲ್ ತಗೊಳ್ಳಿ, ಇಲ್ಲವೇ ಪೈಪಿನೊಳಗೆ ಹಾಯಿಸಿ. ಡಬ್ಬಿಗೆ ಕೇಬಲ್ ಕೆಳಗಿನಿಂದ ಹತ್ತಿ ಬರಬೇಕು, ತೂತಿಗೆ ಮುಂಚೆ ಜೋತುಬಿದ್ದ ಹಾಗೆ ಒಂದು ಬಾಗು ಇರಲಿ. ಮಳೆ ನೀರು ಆ ಬಾಗಿನಿಂದಲೇ ಹನಿದು ಬೀಳುತ್ತೆ, ಕನೆಕ್ಟರ್ ಹತ್ತಿರ ಹೋಗಲ್ಲ. ಕನೆಕ್ಟರ್‌ಗೆ ನೀರು ತಾಕಿದರೆ 24 ವೋಲ್ಟ್ ಡಿಸಿ ಅಲ್ಲಿನ ಪಿನ್‌ಗಳನ್ನ ಹಸಿರು ಕಟ್ಟಿಸಿ ತಿಂದು ಹಾಕುತ್ತೆ.

ಟಿವಿಎಸ್ ಡಯೋಡ್ ಸಣ್ಣಪುಟ್ಟ ಸರ್ಜ್‌ಗೆ ಮಾತ್ರ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿ ಹತ್ತಿರದಲ್ಲೇ ಸಿಡಿಲು ಬಿದ್ದರೆ ಅದು ಏನೂ ತಡೆಯಲ್ಲ, ಆಘಾತ ಕೇಬಲ್ ಹಿಡಿದು ಕೆಳಗಿನ ರೂಟರ್‌ವರೆಗೂ ಬರುತ್ತೆ. ಮೋಡ ಕಟ್ಟಿದಾಗ, ಗುಡುಗು ಶುರುವಾಗೋ ಮುಂಚೆಯೇ, ಮೊದಲು ಅಡಾಪ್ಟರ್ ಆಫ್ ಮಾಡಿ, ಆಮೇಲೆ ರೂಟರ್ ಕಡೆಯ ಇಂಜೆಕ್ಟರ್‌ನಿಂದ ಈ ಕೇಬಲ್‌ನ ಪ್ಲಗ್ ಕೀಳಿ. ಈ ಕ್ರಮ ತಪ್ಪಿಸಬೇಡಿ, ಕರೆಂಟು ಹರಿಯುವಾಗ ಕಿತ್ತರೆ ಕಿಡಿ ಹಾರಿ ಪಿನ್‌ನ ಚಿನ್ನದ ಲೇಪ ಸುಡುತ್ತೆ.