9 ವೋಲ್ಟ್ ಬ್ಯಾಟರಿಗೆ ದೂರದಿಂದಲೇ ನಮಸ್ಕಾರ

ನಮಸ್ಕಾರ, ಬನ್ನಿ ಬನ್ನಿ. ಬಾಗಿಲಲ್ಲಿರುವ ಚಪ್ಪಲಿ ರಾಶಿ ನೋಡಿದರೇ ಗೊತ್ತಾಗುತ್ತೆ, ಒಳಗೆ ಎಷ್ಟು ಮಕ್ಕಳಿದ್ದಾರೆ ಅಂತ. ಇದು ತಿಪಟೂರು ಕಡೆಯ ಒಂದು ಹಳ್ಳಿ. ನಾವು ಕೂತಿರುವುದು ಅರಿವು ಕೇಂದ್ರದಲ್ಲಿ, ಅಂದರೆ ಪಂಚಾಯ್ತಿ ಲೈಬ್ರರಿಯಲ್ಲಿ. ಇವತ್ತಿನ ಕೆಲಸ ಒಂದು ಪುಟ್ಟ ಗಾಡಿ. ಮುಂದೆ ಏನಾದರೂ ಅಡ್ಡ ಬಂದರೆ ತಾನೇ ನಿಲ್ಲಬೇಕು, ಪಕ್ಕಕ್ಕೆ ತಿರುಗಬೇಕು.

ಚಕ್ರ ಹಾಕುವುದು, ಸ್ಕ್ರೂ ಬಿಗಿ ಮಾಡುವುದು ಎಲ್ಲ ವಿಡಿಯೋದಲ್ಲಿ ನೋಡ್ತಾ ಇದ್ದೀರಲ್ಲ, ನಾನು ಹೇಳುವುದಿಲ್ಲ. ಆ ಹಳದಿ ಮೋಟಾರ್‌ಗಳಿಗೆ ಅಂಗಡಿಯಲ್ಲಿ ಬಿಒ ಮೋಟಾರ್ ಅಂತಾರೆ. ಕಣ್ಣಿನ ಥರ ಎರಡು ಗುಂಡು ಇರುವುದು ಅಲ್ಟ್ರಾಸಾನಿಕ್ ಸೆನ್ಸರ್. ನೀಲಿ ಬೋರ್ಡ್ ಆರ್ಡುಯಿನೋ ಊನೋ, ನಾವು ಬರೆದ ಕೋಡ್ ಪ್ರಕಾರ ಗಾಡಿ ನಡೆಸುವ ಪುಟ್ಟ ಕಂಪ್ಯೂಟರ್. ಒರಿಜಿನಲ್ ಅಲ್ಲ, ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ತಂದ ಕ್ಲೋನ್, ಅಂದರೆ ಅದರ ನಕಲು. ಒರಿಜಿನಲ್ ಬೆಲೆ ಕೇಳಿ ಸುಮ್ನೆ ಹೊರಗೆ ಬಂದೆ.

ಆರ್ಡುಯಿನೋ ಹುಟ್ಟಿದ್ದು 2005ರಲ್ಲಿ, ಇಟಲಿಯ ಇವ್ರಿಯಾ ಅನ್ನೋ ಊರಿನಲ್ಲಿ. ಡಿಸೈನ್ ಓದುವ ಹುಡುಗರಿಗೆ ಸುಲಭವಾಗಲಿ ಅಂತ ಮಾಡಿದ ಬೋರ್ಡ್ ಅದು. ಹೆಸರು ಬಂದಿದ್ದು ಅಲ್ಲಿನ ಒಂದು ಬಾರ್‌ನಿಂದ. ಇದನ್ನು ಮಕ್ಕಳ ಮುಂದೆ ಹೇಳಿದಾಗ ಮೇಷ್ಟ್ರು ನನ್ನನ್ನೇ ನೋಡಿದರು. ಆ ಬಾರ್‌ಗೆ ಹೆಸರು ಬಂದಿದ್ದು ಹಳೇ ಕಾಲದ ರಾಜನಿಂದ ಸಾರ್ ಅಂತ ತಕ್ಷಣ ಸೇರಿಸಿದೆ. ಅದೂ ನಿಜಾನೇ.

ಸರಿ, ಈಗ ಜಗಳ ನೋಡಿ. ನಾಲ್ಕು ಜನರ ಗುಂಪಿಗೆ ಒಂದೇ ಬೋರ್ಡ್. ತಲೆಗೊಂದು ಬೋರ್ಡ್ ಇರಬೇಕು ಅನ್ನೋದು ನನ್ನ ವಾದ. ಕೇಂದ್ರ ಸರ್ಕಾರದ ಅಟಲ್ ಟಿಂಕರಿಂಗ್ ಲ್ಯಾಬ್ ಸಿಕ್ಕ ಶಾಲೆಗಳಿಗೆ 20 ಲಕ್ಷದವರೆಗೆ ಅನುದಾನ ಇರುತ್ತೆ, ನಮ್ಮ ಹತ್ತಿರ ಇರುವುದು ಒಂದು ತಗಡಿನ ಡಬ್ಬ. ಗಾಡಿ ಮುಂದಕ್ಕೆ ಜಗ್ಗುತ್ತೆ, ನಿಲ್ಲುತ್ತೆ, ಬೋರ್ಡ್ ಮೇಲಿನ ದೀಪ ಮಿಣಮಿಣ ಅನ್ನುತ್ತೆ, ಮತ್ತೆ ಜಗ್ಗುತ್ತೆ. ಕೋಡ್ ಬರೆದವನು ವೈರ್ ಸರಿ ಇಲ್ಲ ಅಂತಾನೆ. ವೈರ್ ಹಾಕಿದವಳು ಕೋಡ್ ಸರಿ ಇಲ್ಲ ಅಂತಾಳೆ. ವೈರ್ ಎಲ್ಲ ಕಿತ್ತು ಮತ್ತೆ ಹಾಕಿದರು, ಕೋಡ್ ಸಾಲು ಸಾಲಾಗಿ ಓದಿದರು. ಏನೂ ಇಲ್ಲ.

ಆಗ ಈ ಹುಡುಗಿ, ಎರಡು ಜಡೆ ಹಾಕಿದ್ದಾಳಲ್ಲ, ಏಳನೇ ಕ್ಲಾಸ್, ಗಾಡಿಯನ್ನು ಕೈಯಲ್ಲಿ ಎತ್ತಿ ಹಿಡಿದಳು. ಚಕ್ರ ಚೆನ್ನಾಗಿ ತಿರುಗಿತು. ನೆಲಕ್ಕಿಟ್ಟಳು, ನಿಂತಿತು. "ಅಕ್ಕಾ, ಇದಕ್ಕೆ ಶಕ್ತಿ ಸಾಲ್ತಿಲ್ಲ ಅಕ್ಕ." ಅಷ್ಟೇ ಹೇಳಿದ್ದು. ಮಲ್ಟಿಮೀಟರ್ ಇಟ್ಟು ನೋಡಿದರೆ, ಸುಮ್ನೆ ಇದ್ದಾಗ ಬ್ಯಾಟರಿಯಲ್ಲಿ 9 ವೋಲ್ಟ್, ನೆಲದ ಮೇಲೆ ಓಡಲು ಹೋದಾಗ 5ರ ಹತ್ತಿರ. ನಾಲ್ಕು ಜನಕ್ಕೆ ನಾಲ್ಕು ಬೋರ್ಡ್ ಇದ್ದಿದ್ದರೆ ನಾಲ್ವರೂ ಅವರವರ ಮೂಲೆಯಲ್ಲಿ ಕೋಡ್ ಬದಲಾಯಿಸ್ತಾ ಕೂತಿರುತ್ತಿದ್ದರು ಅಲ್ವಾ? ಒಂದೇ ಬೋರ್ಡ್ ಇದ್ದದ್ದೇ ಒಳ್ಳೇದಾಯ್ತು ಅನ್ನಿಸಿತು.

ಈಗ ಈ ಚೌಕದ 9 ವೋಲ್ಟ್ ಬ್ಯಾಟರಿ ಬಗ್ಗೆ. ಇದನ್ನು ಕಂಡರೆ ನನಗೆ ಮೈ ಉರಿಯುತ್ತೆ. ಪ್ರತಿ ಕಿಟ್‌ನಲ್ಲೂ ಇದನ್ನೇ ತುರುಕಿರುತ್ತಾರೆ. ಸ್ಮೋಕ್ ಅಲಾರಂಗೋ ಮಲ್ಟಿಮೀಟರ್‌ಗೋ ಇದು ಸರಿ, ಅವಕ್ಕೆ ಬೇಕಾಗುವ ಕರೆಂಟ್ ಚೂರೇ ಚೂರು. ಮೋಟಾರ್ ಹಾಗಲ್ಲ, ಹೊರಡುವಾಗಲೇ ಜಾಸ್ತಿ ಎಳೆಯುತ್ತೆ. ಬ್ಯಾಟರಿ ಒಳಗಿನ ರೆಸಿಸ್ಟೆನ್ಸ್ ದೊಡ್ಡದು, ಎಳೆದ ತಕ್ಷಣ ವೋಲ್ಟೇಜ್ ಕುಸಿಯುತ್ತೆ. ಬೋರ್ಡ್ ರೀಸೆಟ್ ಆಗುತ್ತೆ, ಪ್ರೋಗ್ರಾಂ ಮೊದಲಿಂದ ಶುರು. ಮೋಟಾರ್ ಓಡಿಸುವ ಎಲ್298ಎನ್ ಡ್ರೈವರ್ ಬೇರೆ ತನ್ನ ಪಾಲಿಗೆ ಸುಮಾರು 2 ವೋಲ್ಟ್ ತಿಂದು ಬಿಸಿ ಮಾಡಿ ಬಿಡುತ್ತೆ. ಒಂದೊಂದು ಬ್ಯಾಟರಿಗೆ 30 ರೂಪಾಯಿ ಕೊಟ್ಟಿದ್ದೇನೆ, ಅರ್ಧ ಗಂಟೆಗೆ ಒಂದು ಖಾಲಿ. ಪಾಪ, ತಪ್ಪು ಮಕ್ಕಳ ಕೋಡ್ ಮೇಲೆ.

ಅದಕ್ಕೆ ಈಗ 18650 ಅನ್ನೋ ಅಳತೆಯ ಲಿಥಿಯಂ ಸೆಲ್ ಎರಡು, ಒಂದರ ಹಿಂದೆ ಒಂದು. 7.4 ವೋಲ್ಟ್. ಅಲ್ಲೂ ಮೋಸ ಇದೆ. ಮೇಲೆ 9900 ಎಂಎಎಚ್ ಅಂತ ಬರೆದಿರುವ ಸೆಲ್ ಸಿಗುತ್ತವೆ. ಎಂಎಎಚ್ ಅಂದರೆ ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತೆ ಅನ್ನೋ ಲೆಕ್ಕ. ಒಳ್ಳೇ ಕಂಪನಿಯ ಸೆಲ್ಲೇ 3500 ಆಸುಪಾಸು ಇರುವಾಗ 9900 ಎಲ್ಲಿಂದ ಬರಬೇಕು? ಅಂಗಡಿಯವನನ್ನು ಕೇಳಿದರೆ ನಕ್ಕ. ಇನ್ನೊಂದು ಮಾತು, ಈ ಸೆಲ್ ಮಕ್ಕಳ ಕೈಗೆ ಬಿಡಿಬಿಡಿಯಾಗಿ ಕೊಡಬೇಡಿ. ಪ್ಲಸ್ ಮೈನಸ್ ತಾಗಿದರೆ ಬೆಂಕಿ ಹತ್ತಬಹುದು. ಹೋಲ್ಡರ್‌ಗೆ ನಾನೇ ಹಾಕ್ತೀನಿ.

ಅಯ್ಯೋ, ಗಾಡಿ ಆಗಲೇ ಓಡ್ತಾ ಇದೆ. ಸೆನ್ಸರ್ ವಿಷಯ ಬೇಗ ಹೇಳಿಬಿಡ್ತೀನಿ. 40 ಕಿಲೋಹರ್ಟ್ಸ್ ಶಬ್ದ ಕಳಿಸುತ್ತೆ, ನಮಗೆ ಕೇಳಿಸಲ್ಲ. ತಗುಲಿ ವಾಪಸ್ ಬರಲು ಎಷ್ಟು ಹೊತ್ತು ಹಿಡಿಯಿತು ಅಂತ ಅಳೆಯುತ್ತೆ. ಆ ಹೊತ್ತನ್ನು ಮೈಕ್ರೋಸೆಕೆಂಡ್‌ನಲ್ಲಿ ತಗೊಂಡು 0.034ರಿಂದ ಗುಣಿಸಿ 2ರಿಂದ ಭಾಗಿಸಿದರೆ ಸೆಂಟಿಮೀಟರ್. ಎರಡರಿಂದ ಯಾಕೆ ಭಾಗಿಸಬೇಕು ಅಂತ ಒಬ್ಬ ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಪಕ್ಕದವನು, "ಹೋಗಿ ಬರೋ ಬಸ್ ಚಾರ್ಜ್ ಕಣೋ, ನಮ್ಮೂರು ಎಷ್ಟು ದೂರ ಅಂದ್ರೆ ಅರ್ಧ ಲೆಕ್ಕ" ಅಂದ. ನಾನು ಸುಮ್ಮನಾದೆ.

ಗೋಡೆ ಹತ್ತಿರ ನಿಂತಿತು, ನೋಡಿ! ಕುರ್ಚಿ ಕಾಲು... ಅದಕ್ಕೂ ತಿರುಗಿತು. ಪರದೆ? ಪರದೆಗೆ ಹೋಗಿ ಗುದ್ದಿತು. ಮೆತ್ತನೆ ಬಟ್ಟೆ ಶಬ್ದವನ್ನು ನುಂಗಿಬಿಡುತ್ತೆ, ವಾಪಸ್ ಬರುವುದು ಕಮ್ಮಿ. ಬೈಕ್‌ನಲ್ಲಿ ಬಂದ ಯಾರದೋ ಅಪ್ಪ ಇದನ್ನು ನೋಡಿ, ಹಾಗಾದರೆ ಸೀರೆ ಉಟ್ಟವರಿಗೂ ಗುದ್ದುತ್ತಾ ಅಂತ ಕೇಳಿದರು. ಪ್ರಶ್ನೆ ಸರಿಯಾಗೇ ಇದೆ.

ಆದರೆ ಲ್ಯಾಪ್‌ಟಾಪ್ ನೋಡಿ, ಇಷ್ಟು ಹೊತ್ತೂ ಅದೇ ಹುಡುಗನ ಮಡಿಲಲ್ಲಿದೆ. ಬ್ಯಾಟರಿ ಕಂಡುಹಿಡಿದವಳು ಒಂದು ಸಾಲೂ ಟೈಪ್ ಮಾಡಿಲ್ಲ. ಒಂದೇ ಬೋರ್ಡ್ ಒಳ್ಳೇದು ಅಂದೆನಲ್ಲ, ಆ ಮಾತು ವಾಪಸ್. ಏ ಪುಟ್ಟ, ಕೊಡು ಅವಳಿಗೆ. ಪರದೆ ಸಮಸ್ಯೆ ಅವಳೇ ಬಗೆಹರಿಸಲಿ. ಮುಂದೆ ಒಂದು ಬಂಪರ್ ಸ್ವಿಚ್ ಇಡೋಣ ಅಂತಿದ್ದಾಳೆ, ಗುದ್ದಿದರೆ ಹಿಂದಕ್ಕೆ ಬರೋ ಹಾಗೆ. ಸ್ವಿಚ್ ಡಬ್ಬದಲ್ಲಿ ಎಲ್ಲೋ ಇತ್ತು, ತಾಳಿ, ಹುಡುಕ್ತೀನಿ, ಕ್ಯಾಮೆರಾ ಇಲ್ಲೇ ಆಫ್ ಮಾಡ್ತೀನಿ.