ಅಕ್ಕಿಯಲ್ಲಿ ಇಲ್ಲದ ಹುಳ

ಎಲ್ಲ ಕೇಳುಗರಿಗೆ ನಮಸ್ಕಾರ.

ನಾನು ಗಂಗಾವತಿಯವನು. ಡಾಕ್ಟರ್ ಅಲ್ಲ. 31 ವರ್ಷ ರೈಸ್ ಮಿಲ್ಲಿನಲ್ಲಿ ಕೆಲಸ ಮಾಡಿದವನು. ಚೀಲದಿಂದ ಒಂದು ಹಿಡಿ ಅಕ್ಕಿ ತೆಗೆದು, ತಟ್ಟೆಯಲ್ಲಿ ಹರಡಿ, ನುಚ್ಚು ಎಷ್ಟಿದೆ, ಕಲ್ಲು ಇದೆಯಾ, ಕಪ್ಪು ಕಾಳು ಎಷ್ಟು ಎಂದು ನೋಡಿ ಹೇಳುವುದು ನನ್ನ ಕೆಲಸ. ಅಂದರೆ ನನ್ನ ಕಣ್ಣೇ ನನ್ನ ಅನ್ನ.

ಮೂರು ವರ್ಷದ ಹಿಂದೆ, ಯುಗಾದಿಗೆ ಇನ್ನೂ ವಾರ ಇತ್ತು. ಬೆಳಿಗ್ಗೆ ಸೋನಾ ಮಸೂರಿ ಮಾದರಿ ಹರಡಿಕೊಂಡು ಕೂತಿದ್ದೆ. ಅಕ್ಕಿ ನಡುವೆ ಒಂದು ಕಪ್ಪು ಹುಳ ಕಂಡಿತು. ತೆಗೆಯಲು ಬೆರಳು ಇಟ್ಟೆ. ಅದು ಪಕ್ಕಕ್ಕೆ ಜಾರಿತು. ಮತ್ತೆ ಬೆರಳು ಇಟ್ಟೆ, ಮತ್ತೆ ಜಾರಿತು. ತಟ್ಟೆಯನ್ನೇ ತಿರುಗಿಸಿದೆ. ಹುಳ ತಟ್ಟೆಯ ಜೊತೆ ತಿರುಗಲಿಲ್ಲ. ತಲೆ ಎತ್ತಿ ಸುಣ್ಣದ ಗೋಡೆ ನೋಡಿದರೆ ಅಲ್ಲೂ ಅದೇ ಹುಳ. ಅದರ ಹಿಂದೆ ಕೂದಲೆಳೆಯ ಹಾಗೆ ಒಂದು ದಾರ, ಪಕ್ಕದಲ್ಲಿ ಪೂರ್ತಿ ಕೂಡದ ಒಂದು ಬಳೆ. ಹುಳ ಅಕ್ಕಿಯಲ್ಲಿ ಇರಲಿಲ್ಲ, ನನ್ನ ಕಣ್ಣಿನಲ್ಲಿ ಇತ್ತು.

ಮಧ್ಯಾಹ್ನ ಊಟಕ್ಕೆ ಕೂತಾಗ ಮುಖದ ಮುಂದೆ ಕೈ ಬೀಸುತ್ತಿದ್ದೆನಂತೆ. ನನ್ನ ಹೆಂಡತಿ ಕೇಳಿದಳು, "ಏನ್ರೀ, ಯಾವ ನೊಣ ಹೊಡೀತೀರಿ? ಇಲ್ಲಿ ಒಂದೂ ಇಲ್ಲಲ್ಲ." "ಗುಂಗಾಡು ಹಾರಿದಂಗ ಆಗ್ತದ" ಅಂದೆ. ಉಷ್ಣ ಆಗಿರಬೇಕು ಎಂದು ಅವಳು ಮಜ್ಜಿಗೆ ಕೊಟ್ಟಳು. ಸಂಜೆ ಔಷಧಿ ಅಂಗಡಿಯಲ್ಲಿ ಹೇಳಿದೆ. ಅಲ್ಲಿನವರು ಒಂದು ಕಣ್ಣಿನ ಹನಿ ಕೊಟ್ಟರು, ದಿನಕ್ಕೆ ನಾಲ್ಕು ಸಲ ಹಾಕಿ ಎಂದರು. ಹಾಕಿದೆ. ಎರಡು ದಿನ ಹೋಯಿತು.

ಎರಡನೇ ರಾತ್ರಿ ಎದ್ದು ಬಚ್ಚಲಿಗೆ ಹೊರಟಾಗ ಬಲಗಣ್ಣಿನ ಹೊರ ಮೂಲೆಯಲ್ಲಿ ಫಳಕ್ ಎಂದು ಬೆಳಕು ಹೊಡೆಯಿತು. ಮಿಂಚು ಅಂದುಕೊಂಡೆ. ಅಂಗಳದಲ್ಲಿ ಮೆಣಸಿನಕಾಯಿ ಹಾಕಿದ್ದೆವು, ಅಕಾಲ ಮಳೆ ಬಂದರೆ ಹಾಳು. ಎತ್ತಿಡಲು ಬಾಗಿಲು ತೆಗೆದು ಹೊರಗೆ ಬಂದೆ. ಆಕಾಶದ ತುಂಬ ಚುಕ್ಕಿ. ಒಂದು ಚೂರು ಮೋಡ ಇಲ್ಲ. ಕತ್ತು ತಿರುಗಿಸಿದೆ, ಮತ್ತೆ ಅದೇ ಮಿಂಚು. ಅವತ್ತು ನನಗೆ ನಿಜವಾಗಿ ಭಯ ಆಯಿತು. ಬೆಳಗಿನ ತನಕ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಕಣ್ಣಿನ ಡಾಕ್ಟರ ಹತ್ತಿರ ಹೋದೆ. ಅವರು ಪಾಪೆ ಅಗಲ ಆಗುವ ಹನಿ ಹಾಕಿ ಅರ್ಧ ತಾಸು ಕೂರಿಸಿದರು. ಆಮೇಲೆ ಮಲಗಿಸಿ, ತಮ್ಮ ಹಣೆಗೆ ದೀಪ ಕಟ್ಟಿಕೊಂಡು, ಕೈಯಲ್ಲಿ ಒಂದು ದಪ್ಪ ಮಸೂರ ಹಿಡಿದು ನೋಡಿದರು. ಮೇಲೆ ನೋಡಿ, ಕೆಳಗೆ ನೋಡಿ, ಎಡಕ್ಕೆ, ಬಲಕ್ಕೆ ಎಂದು ಹೇಳುತ್ತಾ ಕಣ್ಣಿನ ಅಂಚನ್ನೂ ಮೆಲ್ಲಗೆ ಒತ್ತಿ ಪರೀಕ್ಷೆ ಮಾಡಿದರು. ಬೆಳಕು ಚುಚ್ಚುತ್ತದೆ, ನೀರು ಸುರಿಯುತ್ತದೆ, ಆದರೆ ನೋವು ಅನ್ನುವಂಥದ್ದು ಇಲ್ಲ. ಈ ಪರೀಕ್ಷೆಯ ಬಗ್ಗೆ ಇಷ್ಟು ಬಿಡಿಸಿ ಹೇಳುತ್ತಿರುವುದಕ್ಕೆ ಕಾರಣ ಇದೆ. ಅದು ಮುಂದೆ ಬರುತ್ತದೆ.

ಡಾಕ್ಟರು ತಿಳಿಸಿ ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ನಮ್ಮ ಕಣ್ಣುಗುಡ್ಡೆ ಒಳಗೆ ಖಾಲಿ ಇರುವುದಿಲ್ಲ. ಅದರಲ್ಲಿ ಪಾರದರ್ಶಕ ಲೋಳೆ ತುಂಬಿರುತ್ತದೆ. ಅದಕ್ಕೆ ವಿಟ್ರಿಯಸ್ ಅನ್ನುತ್ತಾರೆ. ಒಂದು ಕಣ್ಣಿನಲ್ಲಿ ಸುಮಾರು 4 ಮಿಲಿಲೀಟರ್, ಒಂದು ಚಿಕ್ಕ ಚಮಚದಷ್ಟು ಇಲ್ಲ. ನೂರಕ್ಕೆ 98 ಪಾಲಿಗೂ ಜಾಸ್ತಿ ನೀರೇ. ಉಳಿದದ್ದರಲ್ಲಿ ತೀರಾ ಸಣ್ಣ ನಾರಿನ ಎಳೆಗಳಿರುತ್ತವೆ. ಆ ಎಳೆಗಳೇ ನೀರನ್ನು ಹಿಡಿದಿಟ್ಟು ಲೋಳೆ ಮಾಡಿರುತ್ತವೆ.

ಮನೆಯಲ್ಲಿ ಗಟ್ಟಿ ಮೊಸರು ಹೆಪ್ಪು ಹಾಕುತ್ತೀರಲ್ಲ, ಅದನ್ನು ನೆನೆಸಿಕೊಳ್ಳಿ. ಮೊದಲ ದಿನ ಗಡಿಗೆಯ ಅಂಚಿಗೆ ಅಂಟಿಕೊಂಡು ಒಂದೇ ಗಡ್ಡೆಯಾಗಿ ಇರುತ್ತದೆ. ಎರಡು ದಿನ ಬಿಟ್ಟರೆ ನೀರು ಬಿಡುತ್ತದೆ. ಗಡ್ಡೆ ಕುಗ್ಗುತ್ತದೆ, ಅಂಚು ಬಿಡುತ್ತದೆ. ನಮ್ಮ ಕಣ್ಣಿನ ಲೋಳೆಗೂ ವಯಸ್ಸಾದ ಹಾಗೆ ಇದೇ ಆಗುತ್ತದೆ. ನೀರು ಬೇರೆ, ನಾರು ಬೇರೆ ಆಗುತ್ತದೆ. ಎಳೆಗಳು ಒಂದಕ್ಕೊಂದು ಸುತ್ತಿಕೊಂಡು ಸಣ್ಣ ಸಿಕ್ಕು ಆಗುತ್ತವೆ. ಆ ಸಿಕ್ಕಿನ ನೆರಳು ಹಿಂದಿನ ಪರದೆಯ ಮೇಲೆ, ಅಂದರೆ ರೆಟಿನಾ ಮೇಲೆ ಬೀಳುತ್ತದೆ. ನಾವು ನೊಣ, ದಾರ, ಜೇಡರ ಬಲೆ ಎಂದು ಕಾಣುವುದು ಆ ನೆರಳನ್ನು. ಡಾಕ್ಟರುಗಳು ಅದಕ್ಕೆ ಫ್ಲೋಟರ್ ಅನ್ನುತ್ತಾರೆ.

ಆಮೇಲೆ ಒಂದು ದಿನ ಲೋಳೆ ರೆಟಿನಾದಿಂದಲೇ ಬಿಟ್ಟುಕೊಳ್ಳುತ್ತದೆ. ಹೆಚ್ಚಾಗಿ 50 ದಾಟಿದ ಮೇಲೆ. ದೂರದ್ದು ಕಾಣದೆ ಮೈನಸ್ ನಂಬರಿನ ಕನ್ನಡಕ ಹಾಕುವವರಿಗೆ, ಪೊರೆ ಆಪರೇಷನ್ ಆದವರಿಗೆ, ಕಣ್ಣಿಗೆ ಪೆಟ್ಟು ಬಿದ್ದವರಿಗೆ ಬೇಗ ಆಗಬಹುದು. ನನಗೆ ಕಂಡ ಆ ಅರೆ ಬಳೆ ಇದೆಯಲ್ಲ, ಕಣ್ಣಿನ ನರ ಶುರುವಾಗುವ ಜಾಗದ ಸುತ್ತ ಲೋಳೆ ಅಂಟಿಕೊಂಡಿದ್ದ ಗುರುತು ಅದು. ಬಿಟ್ಟುಕೊಂಡ ಮೇಲೆ ಬಳೆಯ ಹಾಗೆ ತೇಲುತ್ತದೆ.

ಮಿಂಚು ಯಾಕೆ? ರೆಟಿನಾಕ್ಕೆ ನೋವು ಗೊತ್ತಿಲ್ಲ. ಅದಕ್ಕೆ ಬೆಳಕು ಒಂದೇ ಗೊತ್ತು. ಲೋಳೆ ಬಿಟ್ಟುಕೊಳ್ಳುವಾಗ ಅದನ್ನು ಜಗ್ಗಿದರೂ ಅದು ಬೆಳಕು ಎಂದೇ ಹೇಳುತ್ತದೆ. ಕತ್ತಲಲ್ಲಿ ಕಣ್ಣು ಹೊರಳಿಸಿದಾಗ ಜಾಸ್ತಿ ಕಾಣುತ್ತದೆ. ಇನ್ನೊಂದು ತರಹದ ಮಿಂಚೂ ಇದೆ. ಗರಗಸದ ಹಲ್ಲಿನ ಹಾಗೆ ಮಿನುಗುವ ಗೆರೆ ಎರಡೂ ಕಣ್ಣಿಗೆ ಕಂಡು, ಅರ್ಧ ತಾಸಿನಲ್ಲಿ ತಾನೇ ಹೋಗಿ, ಆಮೇಲೆ ತಲೆ ಒಡೆದು ಹೋಗುವಷ್ಟು ನೋವು ಬಂದರೆ ಅದು ಅರೆತಲೆನೋವಿನದು. ಅದರ ದಾರಿ ಬೇರೆ.

ನನ್ನ ಪರೀಕ್ಷೆಯಲ್ಲಿ ಏನೂ ತೊಂದರೆ ಕಾಣಲಿಲ್ಲ. "ರೆಟಿನಾ ಚೆನ್ನಾಗಿದೆ, ಒಂದು ತಿಂಗಳು ಬಿಟ್ಟು ಮತ್ತೆ ಬನ್ನಿ, ಚುಕ್ಕೆ ಜಾಸ್ತಿಯಾದರೆ ಅವತ್ತೇ ಬನ್ನಿ" ಎಂದರು. ತಿಂಗಳ ನಂತರ ಹೋದೆ, ಆಗಲೂ ಸರಿ ಇತ್ತು. ಆಮೇಲೆ ನಾನು ಒಂದು ತಪ್ಪು ಮಾಡಿದೆ. ಆ ತಪ್ಪಿನಿಂದಾಗಿಯೇ ಇವತ್ತು ನಿಮ್ಮ ಮುಂದೆ ಮಾತಾಡಲು ಒಪ್ಪಿದ್ದು.

ಸಿಕ್ಕವರಿಗೆಲ್ಲ ನಾನು ಧೈರ್ಯ ಹೇಳಲು ಶುರು ಮಾಡಿದೆ. ಮಿಲ್ಲಿನಲ್ಲಿ, ಮದುವೆ ಮನೆಯಲ್ಲಿ, ಬಸ್ಸಿನಲ್ಲಿ. "ಕಣ್ಣ ಮುಂದೆ ಕಪ್ಪು ಚುಕ್ಕೆನಾ? ಅದು ವಯಸ್ಸಿಂದು. ನನಗೂ ಇದೆ. ಏನೂ ಆಗಲ್ಲ, ಸುಮ್ನೆ ಬಿಡಿ." ಪಾಪೆ ಅಗಲ ಮಾಡಿಸಿ ರೆಟಿನಾ ನೋಡಿಸಿದ ಮೇಲೆ ಡಾಕ್ಟರು ಹೇಳಿದ ಮಾತು ಅದು. ನಾನು ಪರೀಕ್ಷೆಯನ್ನು ಬಿಟ್ಟು ಧೈರ್ಯವನ್ನು ಮಾತ್ರ ಹಂಚಿದೆ.

ಕಾರಟಗಿಯಲ್ಲಿ ನನ್ನ ಅಕ್ಕ ಇದ್ದಾಳೆ. ನನಗಿಂತ ನಾಲ್ಕು ವರ್ಷ ದೊಡ್ಡವಳು, ಸಣ್ಣ ವಯಸ್ಸಿನಿಂದ ದಪ್ಪ ಮೈನಸ್ ಕನ್ನಡಕ. ಅದೇ ದೀಪಾವಳಿ ಮುಂದೆ ಅವಳ ಎಡಗಣ್ಣಿನಲ್ಲಿ ಇದ್ದಕ್ಕಿದ್ದ ಹಾಗೆ ಚುಕ್ಕೆ ಬಂದವು. ಒಂದೆರಡಲ್ಲ, ಒಲೆಯಿಂದ ಮಸಿ ಹಾರಿದ ಹಾಗೆ ರಾಶಿ ರಾಶಿ. ಜೊತೆಗೆ ಮಿಂಚು. ಮಗ ಆಸ್ಪತ್ರೆಗೆ ಕರೆದರೆ ಅವಳು ಹೇಳಿದಳಂತೆ, "ತಮ್ಮಗೂ ಹಿಂಗ ಆಗಿತ್ತು. ಏನೂ ಆಗಲ್ಲಂತ ಅವನೇ ಹೇಳ್ಯಾನ." ಹಬ್ಬ ಮುಗಿಯಲಿ ಎಂದು ಒಂಬತ್ತು ದಿನ ಸುಮ್ಮನಿದ್ದಳು. ಒಂಬತ್ತನೇ ದಿನ ಸೀರೆ ಸೆರಗು ಅಡ್ಡ ಬಂದ ಹಾಗೆ ಮೂಗಿನ ಕಡೆಯಿಂದ ಕತ್ತಲು ಬಂತು. ಸರಿಸಿದರೆ ಸರಿಯಲಿಲ್ಲ.

ಗೋಡೆಗೆ ಅಂಟಿಸಿದ ಹಳೆ ಕಾಗದ ಕಿತ್ತಾಗ ಒಂದೊಂದು ಕಡೆ ಸುಣ್ಣವೂ ಚಕ್ಕೆಯಾಗಿ ಕಿತ್ತು ಬರುತ್ತದೆ, ಅಲ್ವಾ? ಹಾಗೆ ಲೋಳೆ ಬಿಟ್ಟುಕೊಳ್ಳುವಾಗ ಕೆಲವರಲ್ಲಿ ರೆಟಿನಾ ಹರಿಯುತ್ತದೆ. ಇದ್ದಕ್ಕಿದ್ದಂತೆ ಚುಕ್ಕೆ, ಮಿಂಚು ಬಂದು ಆಸ್ಪತ್ರೆಗೆ ಹೋಗುವ ಹತ್ತು ಜನರಲ್ಲಿ ಸುಮಾರು ಒಬ್ಬರಿಗೆ ಹೀಗೆ ಹರಿದಿರುತ್ತದೆ. ಹರಿದದ್ದು ಮೊದಲ ದಿನಗಳಲ್ಲೇ ಸಿಕ್ಕರೆ ಸಾಮಾನ್ಯವಾಗಿ ಲೇಸರ್ ಸಾಕು. ಗೋಣಿಚೀಲ ಹರಿದರೆ ಹರಿದ ಕಡೆ ಸುತ್ತ ದಬ್ಬಳದಿಂದ ಹೊಲಿಗೆ ಹಾಕಿ ಅಕ್ಕಿ ಸೋರದ ಹಾಗೆ ಮಾಡುತ್ತೇವೆ. ಲೇಸರ್ ಅಂದರೆ ಅಂಥದ್ದೇ ಹೊಲಿಗೆ. ಕೆಲವು ನಿಮಿಷದ ಕೆಲಸ, ಅವತ್ತೇ ಮನೆಗೆ. ಬಿಟ್ಟರೆ ಆ ತೂತಿನಿಂದ ನೀರು ರೆಟಿನಾದ ಹಿಂದೆ ಇಳಿದು ಇಡೀ ಪರದೆಯನ್ನೇ ಎಬ್ಬಿಸುತ್ತದೆ. ಆಗ ದೊಡ್ಡ ಆಪರೇಷನ್.

ಅಕ್ಕನಿಗೆ ದೊಡ್ಡದೇ ಆಯಿತು. ಕಣ್ಣಿನೊಳಗೆ ಗ್ಯಾಸ್ ತುಂಬಿದರು. ದಿನಗಟ್ಟಲೆ ಮುಖ ಕೆಳಗೆ ಮಾಡಿಯೇ ಇರಬೇಕಾಯಿತು. ಊಟ, ನಿದ್ದೆ ಎಲ್ಲ ಹಾಗೇ. ನಾನು ಅವಳ ಪಕ್ಕ ನೆಲದ ಮೇಲೆ ಕೂತಿರುತ್ತಿದ್ದೆ, ಯಾಕೆಂದರೆ ಅವಳಿಗೆ ನೆಲ ಮಾತ್ರ ಕಾಣುತ್ತಿತ್ತು. ಅವಳು ಒಂದು ಮಾತೂ ನನ್ನನ್ನು ಅನ್ನಲಿಲ್ಲ. ಕಣ್ಣು ಉಳಿಯಿತು. ಆದರೆ ಆ ಕಣ್ಣಿನಲ್ಲಿ ಸೂಜಿಗೆ ದಾರ ಪೋಣಿಸಲು ಆಗುವುದಿಲ್ಲ. ನನ್ನ ಕಣ್ಣಿಗೆ ಏನೂ ಆಗಲಿಲ್ಲ ಅನ್ನುವುದು ನನ್ನ ಕಣ್ಣಿನ ಸುದ್ದಿ ಮಾತ್ರ ಆಗಿತ್ತು. ಅದನ್ನು ಅವಳ ಕಣ್ಣಿಗೂ ಹೇಳಿಬಿಟ್ಟಿದ್ದೆ.

ಅದಕ್ಕೇ ಈಗ ಯಾರು ಕೇಳಿದರೂ ನಾನು ಮೊದಲು ಕೇಳುವುದು ಇಷ್ಟು: ಯಾವಾಗ ಶುರುವಾಯಿತು? ವರ್ಷಗಳಿಂದ ಒಂದೋ ಎರಡೋ ಚುಕ್ಕೆ ಇದ್ದು, ಹಾಗೇ ಇದ್ದರೆ ಬಿಡುವು ನೋಡಿಕೊಂಡು ತೋರಿಸಿ. ಹೊಸದಾಗಿ ಬಂದಿದ್ದರೆ, ಒಮ್ಮೆಲೇ ಜಾಸ್ತಿ ಆಗಿದ್ದರೆ, ಮಿಂಚು ಇದ್ದರೆ ಅವತ್ತೇ, ಇಲ್ಲವೆಂದರೆ ಮರುದಿನ. ಮಸಿ ಸುರಿದ ಹಾಗೆ ಆದರೆ, ಸೆರಗು ಅಡ್ಡ ಬಂದ ಹಾಗೆ ಆದರೆ ಆ ಕ್ಷಣ ಹೊರಡಿ. ಸಕ್ಕರೆ ಕಾಯಿಲೆ ಇರುವವರು ಇನ್ನೂ ಹುಷಾರಾಗಿರಬೇಕು. ಅವರಲ್ಲಿ ಕಣ್ಣಿನೊಳಗೆ ರಕ್ತ ಸೋರಿದರೂ ಹೀಗೇ ಕಪ್ಪು ಕಾಣುತ್ತದೆ. ನೋವಿಲ್ಲ ಎಂದು ಕಾಯಬೇಡಿ. ಅಕ್ಕನಿಗೆ ಆ ಒಂಬತ್ತು ದಿನ ಒಂದು ಚೂರೂ ನೋವಿರಲಿಲ್ಲ.

ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಇದೆ. ನಿಮ್ಮ ಊರಿನ ಕಣ್ಣಿನ ಡಾಕ್ಟರಿಂದಲೂ ಶುರು ಮಾಡಬಹುದು. ಆದರೆ ಬಾಯಿ ಬಿಟ್ಟು ಕೇಳಿ, "ಪಾಪೆ ಅಗಲ ಮಾಡಿ ರೆಟಿನಾದ ಅಂಚಿನ ತನಕ ನೋಡ್ತೀರಾ?" ಕನ್ನಡಕದ ನಂಬರ್ ನೋಡಿ ಕಳಿಸಿದರೆ ಅದು ಈ ಪರೀಕ್ಷೆ ಅಲ್ಲ. ಹನಿ ಹಾಕಿದ ಮೇಲೆ ಕೆಲವು ತಾಸು ಎಲ್ಲ ಮಸುಕು, ಬಿಸಿಲು ಸೂಜಿಯ ಹಾಗೆ ಚುಚ್ಚುತ್ತದೆ. ಬೈಕ್ ಓಡಿಸಬೇಡಿ. ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ, ತಲೆಗೆ ಟವೆಲ್ ಇರಲಿ.

ಪರೀಕ್ಷೆ ಆಯಿತು, ರೆಟಿನಾ ಸರಿ ಇದೆ ಎಂದರು. ಚುಕ್ಕೆ ಮಾತ್ರ ಹೋಗಿಲ್ಲ. ಈಗ ಅದರ ಜೊತೆ ಬದುಕುವುದು ಹೇಗೆ?

ಮೊದಲ ಎರಡು ತಿಂಗಳು ಕಷ್ಟ ಎಂದು ಒಪ್ಪಿಕೊಳ್ಳುತ್ತೇನೆ. ನಮ್ಮ ಕಡೆ ಬೇಸಿಗೆಯ ಆಕಾಶ ಬೆಳ್ಳಗೆ ಉರಿಯುತ್ತಿರುತ್ತದೆ, ಎಡದಂಡೆ ಕಾಲುವೆಯ ನೀರು ಹೊಳೆಯುತ್ತಿರುತ್ತದೆ. ಬೆಳ್ಳಗಿದ್ದ ಕಡೆಯೆಲ್ಲ ಚುಕ್ಕೆ ಎದ್ದು ಕಾಣುತ್ತದೆ. ನನ್ನ ಕೆಲಸವೋ ಬೆಳ್ಳನೆಯ ಅಕ್ಕಿ ನೋಡುವುದು. ಪ್ರತಿ ತಟ್ಟೆಯಲ್ಲೂ ಹುಳ. ಕೆಲಸ ಬಿಟ್ಟುಬಿಡೋಣ ಅನಿಸಿತ್ತು. ಆಮೇಲೆ ಬಿಳಿ ತಟ್ಟೆ ಬದಲು ಕಪ್ಪು ಬಟ್ಟೆಯ ಮೇಲೆ ಅಕ್ಕಿಯನ್ನು ತೆಳ್ಳಗೆ ಹರಡಲು ಶುರು ಮಾಡಿದೆ. ಕಿಟಕಿಗೆ ಮುಖ ಮಾಡಿ ಕೂರುವುದನ್ನು ಬಿಟ್ಟು ಬೆನ್ನು ಮಾಡಿ ಕೂತೆ. ಬಿಸಿಲಿಗೆ ಹೋಗುವಾಗ ಕಪ್ಪು ಕನ್ನಡಕ, ಟೋಪಿ. ಫೋನಿನ ಬೆಳಕು ಕಡಿಮೆ ಮಾಡಿ, ಅಕ್ಷರ ಬಿಳಿ, ಹಿಂದೆ ಕಪ್ಪು ಬರುವ ಹಾಗೆ ಮೊಮ್ಮಗ ಮಾಡಿಕೊಟ್ಟ. ಓದುವಾಗ ಸರಿಯಾಗಿ ನಡುವೆ ಬಂದು ನಿಂತರೆ ಕಣ್ಣನ್ನು ಒಂದೆರಡು ಸಲ ಮೇಲೆ ಕೆಳಗೆ ಹೊರಳಿಸುತ್ತೇನೆ. ಒಳಗಿನ ನೀರು ಕದಲಿ ಅದು ಪಕ್ಕಕ್ಕೆ ಸರಿಯುತ್ತದೆ. ಅದರ ಬೆನ್ನು ಹತ್ತಿ ನೋಡುವುದನ್ನು ಬಿಟ್ಟೆ. ನಾವು ನೋಡಲು ಹೋದಷ್ಟೂ ಅದು ಓಡುತ್ತದೆ, ಯಾಕೆಂದರೆ ಕಣ್ಣಿನ ಜೊತೆಗೇ ಅದೂ ಚಲಿಸುತ್ತದೆ.

ಮಿಂಚು ವಾರಗಳಲ್ಲಿ ಕಡಿಮೆಯಾಗುತ್ತಾ ಬಂತು. ಚುಕ್ಕೆ ಪೂರ್ತಿ ಹೋಗಿಲ್ಲ, ಈಗಲೂ ಇದೆ. ಆದರೆ ದಿನದಲ್ಲಿ ಎಷ್ಟೋ ಹೊತ್ತು ಅದು ನನಗೆ ಕಾಣುವುದೇ ಇಲ್ಲ. ಮಿಲ್ಲಿಗೆ ಹೊಸಬರು ಬಂದರೆ ಕಿವಿ ಮುಚ್ಚಿಕೊಳ್ಳುತ್ತಾರೆ, ಈ ಸದ್ದಿನಲ್ಲಿ ಹೇಗಿರುತ್ತೀರಿ ಎಂದು ಕೇಳುತ್ತಾರೆ. ನಮಗೆ ಯಾವ ಸದ್ದೂ ಕೇಳುತ್ತಿರುವುದಿಲ್ಲ. ಸದ್ದು ನಿಂತಿರುವುದಿಲ್ಲ, ಮನಸ್ಸು ಅದನ್ನು ಬಿಟ್ಟಿರುತ್ತದೆ. ಕಣ್ಣಿನ ನೆರಳನ್ನೂ ಮಿದುಳು ಹಾಗೇ ಬಿಡುತ್ತಾ ಬರುತ್ತದೆ. ಕೆಲವರಿಗೆ ಒಂದೆರಡು ತಿಂಗಳು, ಕೆಲವರಿಗೆ ಆರು ತಿಂಗಳು, ವರ್ಷವೂ ಆಗಬಹುದು.

ಇದನ್ನು ಕರಗಿಸುತ್ತೇವೆ ಎಂದು ಹನಿ, ಮಾತ್ರೆ, ಕಣ್ಣಿನ ವ್ಯಾಯಾಮ ಮಾರುವವರು ಇದ್ದಾರೆ. ದುಡ್ಡು ಕೊಡಬೇಡಿ. ಕಣ್ಣಿನ ಮೇಲೆ ಹಾಕಿದ ಹನಿಯಿಂದ ಒಳಗಿನ ನಾರು ಕರಗುವುದಿಲ್ಲ. ಜೇನುತುಪ್ಪ, ಉಳ್ಳಾಗಡ್ಡಿ ರಸ ಕಣ್ಣಿಗೆ ಹಾಕಲೇಬೇಡಿ. ಅದರಿಂದ ಹುಣ್ಣಾಗಬಹುದು. ತೀರಾ ಬದುಕೇ ನಡೆಯದಷ್ಟು ಅಡ್ಡ ಬಂದರೆ ಆ ಲೋಳೆಯನ್ನೇ ತೆಗೆಯುವ ಆಪರೇಷನ್ ಇದೆ. ಆದರೆ ಅದರಿಂದ ಪೊರೆ ಬೇಗ ಬರಬಹುದು, ರೆಟಿನಾ ಹರಿಯಲೂಬಹುದು. ಹಾಗಾಗಿ ಡಾಕ್ಟರುಗಳು ಅದಕ್ಕೆ ಸುಲಭವಾಗಿ ಕೈ ಹಾಕುವುದಿಲ್ಲ.

ಇನ್ನೊಂದು ವಿಷಯ. ಒಂದು ಕಣ್ಣಿಗೆ ಆದವರಿಗೆ ಮುಂದೆ ಇನ್ನೊಂದು ಕಣ್ಣಿಗೂ ಆಗುವುದು ಸಾಮಾನ್ಯ. ಆಗ ಮತ್ತೆ ಮೊದಲಿನಿಂದ ಪರೀಕ್ಷೆ. ಎರಡೂ ಕಣ್ಣು ತೆರೆದಿದ್ದಾಗ ಒಂದರ ಕೊರತೆಯನ್ನು ಇನ್ನೊಂದು ಮುಚ್ಚಿಬಿಡುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಅದಕ್ಕೆ ನಮ್ಮ ಮನೆಯಲ್ಲಿ ಒಂದು ರೂಢಿ ಮಾಡಿಕೊಂಡಿದ್ದೇವೆ. ಬೆಳಿಗ್ಗೆ ಮುಖ ತೊಳೆದ ಮೇಲೆ ಗೋಡೆಯ ಕ್ಯಾಲೆಂಡರ್ ಮುಂದೆ ನಿಂತು, ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ನಾಲ್ಕೂ ಮೂಲೆಯ ಅಂಕಿ ಕಾಣುತ್ತವೆಯಾ ನೋಡುವುದು. ಅರ್ಧ ನಿಮಿಷ ಸಾಕು.

ಅಕ್ಕನಿಗೂ ಹೇಳಿಕೊಟ್ಟಿದ್ದೇನೆ. ದಿನಾ ಬೆಳಿಗ್ಗೆ ಏಳು ಗಂಟೆಗೆ ಕಾರಟಗಿಯಿಂದ ಫೋನ್ ಬರುತ್ತದೆ. "ತಮ್ಮಾ, ಬಲಗಣ್ಣಾಗ ಎಲ್ಲ ಅಂಕಿ ಕಾಣ್ತಾವ. ಚಾ ಕುಡಿದಿಯೇನು?" ಎನ್ನುತ್ತಾಳೆ. ಅವಳ ಫೋನ್ ಬರುವ ತನಕ ನಾನು ಚಹಾ ಕುಡಿಯುವುದಿಲ್ಲ.

ನಮಸ್ಕಾರ.