ನೋವು ಹೋಯ್ತು ಅಂತ ಕ್ಯಾಪ್ ಬಿಡಬೇಡಿ

ನಮಸ್ಕಾರ. ಇವತ್ತು ಹಲ್ಲಿನ ಕ್ಯಾಪ್, ಅಂದ್ರೆ ಹಲ್ಲಿನ ಮೇಲೆ ಕೂರಿಸುವ ಕವಚದ ಬಗ್ಗೆ ಮಾತಾಡಬೇಕು. ಯಾಕಂದ್ರೆ ನಮ್ಮಮ್ಮ ಒಂದು ಹಲ್ಲು ಕಳೆದುಕೊಂಡರು. ಅದು ಉಳಿಯಬೇಕಿದ್ದ ಹಲ್ಲು.

ಕೆಳಗಿನ ದವಡೆ ಹಲ್ಲಿಗೆ ರೂಟ್ ಕೆನಾಲ್ ಮಾಡಿಸಿದ್ದೆವು. ಕ್ಯಾಪ್ ಹಾಕಿಸಲೇಬೇಕು ಅಂತ ಡಾಕ್ಟರ್ ಹೇಳಿದ್ದರು. "ನೋವೇ ಇಲ್ಲ, ಈ ವಯಸ್ಸಲ್ಲಿ ಅಲಂಕಾರ ಯಾಕೆ?" ಅಂದರು ಅಮ್ಮ. ನಾವೂ ಸುಮ್ಮನಾದೆವು. ಕೆಲವು ತಿಂಗಳಾದ ಮೇಲೆ, ಬಸವನಗುಡಿ ಪರಿಷೆಯಿಂದ ತಂದ ಕಡಲೆಕಾಯಿ ತಿನ್ನುವಾಗ ಟಕ್ ಅಂತು. ಹಲ್ಲು ಬೇರಿನವರೆಗೂ ಸೀಳಿತ್ತು. ಕೀಳಿಸದೆ ಬೇರೆ ದಾರಿ ಇರಲಿಲ್ಲ.

ಕ್ಯಾಪ್ ಅಂದ್ರೆ ಅಲಂಕಾರ ಅಲ್ಲ. ರೂಟ್ ಕೆನಾಲ್‌ಗೆ ಅಂತ ಹುಳುಕು ತೆಗೆದು, ಬೇರಿನವರೆಗೆ ದಾರಿ ಮಾಡಿದ ಹಲ್ಲಿನಲ್ಲಿ ಉಳಿಯೋದು ತೆಳ್ಳನೆ ಗೋಡೆ. ಅಗಿದಾಗಲೆಲ್ಲ ಆ ಗೋಡೆಗಳು ಒಂದರಿಂದ ಒಂದು ದೂರ ಸರಿಯಲು ನೋಡುತ್ತವೆ. ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಬಿಗಿದ ಹಾಗೆ, ಕ್ಯಾಪ್ ಅವನ್ನು ಸುತ್ತಲೂ ಹಿಡಿದಿಡುತ್ತದೆ.

ಪಿಂಗಾಣಿ ಕ್ಯಾಪ್ ಹೊಸದೇನಲ್ಲ. ಅಮೆರಿಕದ ಡೆಟ್ರಾಯ್ಟ್‌ನ ದಂತವೈದ್ಯ ಚಾರ್ಲ್ಸ್ ಲ್ಯಾಂಡ್ 1889ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದರು. ನೋಡಲು ಚೆನ್ನಾಗಿತ್ತು, ಆದರೆ ಬೇಗ ಒಡೆಯುತ್ತಿತ್ತು. ಆಮೇಲೆ ಒಳಗೆ ಲೋಹ, ಹೊರಗೆ ಪಿಂಗಾಣಿ ಇರುವ ಕ್ಯಾಪ್ ಬಂತು. ವಸಡು ಸ್ವಲ್ಪ ಹಿಂದೆ ಸರಿದರೆ ಅದರ ಅಂಚಿನಲ್ಲಿ ಬೂದು ಗೆರೆ ಕಾಣುತ್ತದೆ, ಅಲ್ವಾ? ಈಗಿನ ಜಿರ್ಕೋನಿಯಾ ಅನ್ನೋ ಗಟ್ಟಿ ಸೆರಾಮಿಕ್ ಕ್ಯಾಪ್‌ನಲ್ಲಿ ಲೋಹದ ಪದರವೇ ಇಲ್ಲ. ಹಳೇ ಪಿಂಗಾಣಿಗಿಂತ ಸುಮಾರು ಹತ್ತು ಪಟ್ಟು ಜಾಸ್ತಿ ಭಾರ ತಡೆಯುತ್ತದೆ. ನುಣುಪಾಗಿ ಪಾಲಿಶ್ ಮಾಡಿದ್ದರೆ ಕಾಫಿ ಕರೆ ಕೂಡ ಸುಲಭಕ್ಕೆ ಹಿಡಿಯೋದಿಲ್ಲ.

ಈ ವರ್ಷ ಅಮ್ಮನ ಇನ್ನೊಂದು ಹಲ್ಲಿಗೆ ಜಯನಗರದಲ್ಲಿ ಕ್ಯಾಪ್ ಹಾಕಿಸಿದೆವು. ಡಾಕ್ಟರ್ ತಲೆ ಮೇಲಿನ ಲೈಟ್ ಆರಿಸಿ, ಅಮ್ಮನನ್ನು ಕಿಟಕಿ ಹತ್ತಿರ ಕೂರಿಸಿದರು. ಬೆರಳುದ್ದದ ಕಡ್ಡಿಗಳ ತುದಿಯಲ್ಲಿ ಸಾಲು ಸಾಲು ಮಾದರಿ ಹಲ್ಲು. ಒಂದೊಂದನ್ನೇ ಪಕ್ಕದ ಹಲ್ಲಿಗೆ ಹಿಡಿದು ನೋಡಿದರು. ಅಮ್ಮನಿಗೆ ಎಲ್ಲಕ್ಕಿಂತ ಬಿಳಿಯದು ಇಷ್ಟವಾಯಿತು. "ಬೇಡಮ್ಮ, ಇದೊಂದೇ ಎದ್ದು ಕಾಣುತ್ತೆ" ಅಂತ ಸ್ವಲ್ಪ ಹಳದಿ ಛಾಯೆಯದನ್ನೇ ಆರಿಸಿದರು. ಕ್ಯಾಪ್ ಕೂರಿಸುವ ದಿನ ನೀಲಿ ಕಾಗದ ಕಚ್ಚಿಸಿ, ಗುರುತು ಜಾಸ್ತಿ ಬಿದ್ದ ಕಡೆ, ಅಂದ್ರೆ ಹೆಚ್ಚು ತಾಗುವ ಕಡೆ, ಕ್ಯಾಪನ್ನು ಕೂದಲೆಳೆಯಷ್ಟು ಉಜ್ಜಿದರು. ಆ ತಾಳ್ಮೆ ಕಂಡು ನನಗೆ ಗೌರವ ಹುಟ್ಟಿತು.

ಆದರೆ ಒಂದು ಮಾತು. ಕ್ಯಾಪ್ ಹಾಕಲು ಹಲ್ಲನ್ನು ಸುತ್ತಲೂ ಅರೆಯಬೇಕು. ಅರೆದದ್ದು ಮತ್ತೆ ಬೆಳೆಯೋದಿಲ್ಲ. ಮದುವೆ ಫೋಟೋಗೆ ಅಂತ ಗಟ್ಟಿಮುಟ್ಟಾದ ಮುಂದಿನ ಹಲ್ಲು ಅರೆಸಿಕೊಳ್ಳೋದನ್ನು ನಾನು ಖಂಡಿತ ಒಪ್ಪೋದಿಲ್ಲ. ಸಣ್ಣ ಹುಳುಕಿಗೆ ಫಿಲ್ಲಿಂಗ್ ಸಾಕು. ಹಿಂದಿನ ಹಲ್ಲಿಗೆ ಮೆಟಲ್ ಕ್ಯಾಪ್ ಹಾಕಿಸಿದರೂ ತಪ್ಪೇನಿಲ್ಲ, ಅದಕ್ಕೆ ಅರೆಯೋದೂ ಕಡಿಮೆ.

ಖರ್ಚಿನ ಚಿಂತೆ ಇದ್ದರೆ ಬೆಂಗಳೂರಿನ ಕೋಟೆ ಹತ್ತಿರದ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿಗೆ ಹೋಗಿ ವಿಚಾರಿಸಿ. ಕ್ಯಾಪ್ ಹಾಕಿಸಿದ ಮೇಲೂ ಅಂಚಿನಲ್ಲಿ ಹುಳುಕು ಬರಬಹುದು. ಅಮ್ಮ ಈಗ ರಾತ್ರಿ ಕನ್ನಡಿ ಮುಂದೆ ನಿಂತು, ಸಣ್ಣ ಬ್ರಷ್ ಹಿಡಿದು ಆ ಅಂಚನ್ನೇ ಮೊದಲು ತಿಕ್ಕುತ್ತಾರೆ.